ಎಚ್ಚರ ಬೇರೆ, ಕಾವಲು ಬೇರೆ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಆರೋಗ್ಯ ಪುಟದಲ್ಲಿ ಆತಂಕದ ಬಗ್ಗೆ ಲೇಖನ ಬಂದಾಗಲೆಲ್ಲ ಕೊನೆಯ ಪ್ಯಾರಾ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಕಣ್ಣು ಮುಚ್ಚಿ ಕುಳಿತುಕೊಳ್ಳಿ, ದೀರ್ಘವಾಗಿ ಉಸಿರೆಳೆದುಕೊಳ್ಳಿ, ಉಸಿರಿನ ಮೇಲೆ ಗಮನವಿಡಿ, ಭಯ ತಾನಾಗಿಯೇ ಕರಗುತ್ತದೆ. ಈ ನಾಲ್ಕರಲ್ಲಿ ಮೊದಲ ಮೂರು ಕೆಲವರಿಗೆ ಒಗ್ಗುತ್ತವೆ, ಕೆಲವರಿಗೆ ತಿರುಗಿಬೀಳುತ್ತವೆ. ನಾಲ್ಕನೆಯದು ಯಾರಿಗೂ ಕೊಡಬಾರದ ಭರವಸೆ. ಗಮನಕ್ಕೂ ಅಪಾಯದ ಗ್ರಹಿಕೆಗೂ ಇರುವ ನಂಟನ್ನು ಇನ್ನಷ್ಟು ಬಿಡಿಸಿ ಹೇಳುವ ಅಗತ್ಯವಿದೆ ಎನ್ನಿಸಿದ್ದರಿಂದ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಕ್ಷಮಿಸಿ.

ಮೊದಲಿಗೆ ಒಂದು ಪದದ ತೊಡಕು. ಕನ್ನಡದ ‘ಎಚ್ಚರ’ಕ್ಕೆ ಎರಡು ಮುಖಗಳಿವೆ. ‘ಬೆಳಗಿನ ಜಾವ ಎಚ್ಚರವಾಯಿತು’ ಎಂದಾಗ ಅದು ಅರಿವು ಮೂಡುವುದು. ಫಲಕದ ಮೇಲೆ ‘ಎಚ್ಚರ!’ ಎಂದು ಬರೆದಾಗ ಅದು ಹುಷಾರಾಗಿರು ಎಂಬ ತಾಕೀತು. ಮೈಂಡ್‌ಫುಲ್‌ನೆಸ್ ಎಂದು ಈಗ ಎಲ್ಲೆಡೆ ಚಾಲ್ತಿಯಲ್ಲಿರುವುದು ಮೊದಲನೆಯ ಬಗೆಯದು. ಬೌದ್ಧ ಗ್ರಂಥಗಳ ಭಾಷೆಯಾದ ಪಾಲಿಯ ‘ಸತಿ’ ಎಂಬ ಪದಕ್ಕೆ ಅನುವಾದಕ ರೀಸ್ ಡೇವಿಡ್ಸ್ ಅವರು 1881ರಲ್ಲಿ ಈ ಇಂಗ್ಲಿಷ್ ಪದವನ್ನು ಬಳಸಿದರು. ಸತಿ ಎಂದರೆ ಸಂಸ್ಕೃತದ ಸ್ಮೃತಿ; ಈಗ ಏನು ನಡೆಯುತ್ತಿದೆ ಎಂಬುದನ್ನು ಮರೆಯದಿರುವುದು. ನಮ್ಮ ‘ಸಾವಧಾನ’ವೂ ಇದಕ್ಕೆ ಹತ್ತಿರದ್ದೇ. ಸ-ಅವಧಾನ, ಅಂದರೆ ಗಮನವಿಟ್ಟು. ಬಳಕೆಯಲ್ಲಿ ಅದು ‘ನಿಧಾನವಾಗಿ’ ಎಂದಷ್ಟೇ ಆಗಿಬಿಟ್ಟಿದೆ.

ಎರಡನೆಯ ಬಗೆಯ ಎಚ್ಚರವನ್ನು ಕಾವಲು ಎಂದು ಕರೆಯುವುದೇ ಸರಿ. ಕಾವಲುಗಾರನಿಗೆ ಯಾರು ಬರಬಹುದು ಎಂಬುದು ಮೊದಲೇ ತಲೆಯಲ್ಲಿರುತ್ತದೆ. ಅವನು ನೋಡುವುದಿಲ್ಲ, ಹುಡುಕುತ್ತಾನೆ. ಆತಂಕದಲ್ಲಿರುವವರಿಗೆ ಗಮನ ಕಡಿಮೆಯಿರುವುದಿಲ್ಲ. ಇರುವ ಗಮನವೆಲ್ಲ ಕಾವಲಿಗೆ ಹೋಗಿರುತ್ತದೆ. ಅಂಥವರಿಗೆ ‘ಇನ್ನಷ್ಟು ಗಮನಕೊಡಿ’ ಎಂದಷ್ಟೇ ಹೇಳಿದರೆ ಅವರು ಕಾವಲನ್ನೇ ಬಿಗಿಮಾಡುತ್ತಾರೆ. ನನ್ನ ತಕರಾರೆಲ್ಲ ಇಲ್ಲಿಂದ ಹುಟ್ಟಿದ್ದು.

ಹಗ್ಗವನ್ನು ಹಾವೆಂದು ತಿಳಿದ ಕತೆಯನ್ನು ನಾವು ಯಾವಾಗಲೂ ಅಜ್ಞಾನಕ್ಕೆ ಉದಾಹರಣೆಯಾಗಿ ಹೇಳುತ್ತೇವೆ. ನರಮಂಡಲದ ಕಡೆಯಿಂದ ನೋಡಿದರೆ ಅದು ತಪ್ಪಲ್ಲ, ಲೆಕ್ಕಾಚಾರ. ಹಗ್ಗಕ್ಕೆ ನೂರು ಸಲ ಬೆಚ್ಚಿ ಹಿಂದೆ ಹಾರಿದರೆ ಹೋಗುವುದು ಒಂದಿಷ್ಟು ಶಕ್ತಿ. ಹಾವನ್ನು ಒಂದೇ ಸಲ ಹಗ್ಗವೆಂದುಕೊಂಡರೆ ಪ್ರಾಣವೇ ಹೋಗಬಹುದು. ವಿಕಾಸದ ದೃಷ್ಟಿಯಿಂದ ಮನೋರೋಗಗಳನ್ನು ನೋಡಿದ ರ‍್ಯಾಂಡಾಲ್ಫ್ ನೆಸ್ ಇದನ್ನು ಹೊಗೆ ಪತ್ತೆಹಚ್ಚುವ ಅಲಾರಂಗೆ ಹೋಲಿಸಿದರು. ಒಗ್ಗರಣೆ ಸೀದರೂ ಕೂಗುವ ಅಲಾರಂ ಕಿರಿಕಿರಿ ನಿಜ, ಆದರೆ ಬೆಂಕಿ ಬಿದ್ದಾಗ ಸುಮ್ಮನಿರುವ ಅಲಾರಂಗಿಂತ ಮೇಲು. ಆದ್ದರಿಂದ ‘ನನಗೆ ಸುಮ್ಮಸುಮ್ಮನೆ ಭಯವಾಗುತ್ತದೆ, ಏನೋ ಕೆಟ್ಟಿದೆ’ ಎಂದುಕೊಳ್ಳುವವರಿಗೆ ಮೊದಲು ಹೇಳಬೇಕಾದ ಮಾತು, ಸುಳ್ಳು ಕೂಗು ಈ ವ್ಯವಸ್ಥೆಯಲ್ಲೇ ಇದೆ ಎಂಬುದು. ಕೂಗನ್ನು ನಿಲ್ಲಿಸುವುದು ನಮ್ಮ ಕೆಲಸವಲ್ಲ. ಕೂಗಿದ ಮೇಲೆ ಎದ್ದು ಹೋಗಿ ಒಲೆಯ ಕಡೆ ಒಮ್ಮೆ ನೋಡುವುದು ನಮ್ಮ ಕೆಲಸ.

ಮಿದುಳಿನಲ್ಲಿ ಈ ಕೂಗಿಗೆ ಎರಡು ದಾರಿಗಳಿವೆ ಎಂದು ನರವಿಜ್ಞಾನಿ ಜೋಸೆಫ್ ಲೆಡೂ ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿದರು. ಕಿವಿ, ಕಣ್ಣುಗಳಿಂದ ಬಂದ ಸುದ್ದಿ ಥಲಾಮಸ್ ಎಂಬ ಕೂಡುನಿಲ್ದಾಣಕ್ಕೆ ಬಂದು, ಅಲ್ಲಿಂದ ನೇರವಾಗಿ ಮಿದುಳಿನ ಆಳದಲ್ಲಿರುವ ಅಮಿಗ್ಡಲಾ ಎಂಬ ಭಾಗಕ್ಕೆ ಹೋಗುವುದು ಒಂದು. ಮಿದುಳಿನ ಹೊರಪದರವನ್ನು ಸುತ್ತಿ, ವಿವರ ತುಂಬಿಕೊಂಡು ಹೋಗುವುದು ಇನ್ನೊಂದು. ಮೊದಲನೆಯದು ಬೇಗ, ಆದರೆ ಮಸುಕು. ಎರಡನೆಯದು ತಡ, ಆದರೆ ಸ್ಪಷ್ಟ. ಮೈ ಮೊದಲು ಬೆಚ್ಚಿ, ‘ಓ, ಹಗ್ಗ’ ಎಂಬುದು ಆಮೇಲೆ ಬರುವುದು ಇದರಿಂದಲೇ. ಹಾಗೆಂದು ಅಮಿಗ್ಡಲಾವನ್ನು ‘ಭಯದ ಕೇಂದ್ರ’ ಎಂದು ಬರೆಯುವುದು ಸರಿಯಲ್ಲ. ಅದನ್ನು ಸ್ವತಃ ಲೆಡೂ ಅವರೇ ಆಕ್ಷೇಪಿಸಿದ್ದಾರೆ. ಅದು ಅಪಾಯದ ಸುಳಿವಿಗೆ ಮೈಯನ್ನು ಸಜ್ಜುಗೊಳಿಸುವ ಜಾಲದ ಒಂದು ಭಾಗ. ‘ನನಗೆ ಭಯವಾಗುತ್ತಿದೆ’ ಎಂಬ ಅನುಭವ ಮೂಡಲು ಬೇರೆ ಭಾಗಗಳೂ ಸೇರಬೇಕು. ಆರೋಗ್ಯ ಪುಟದವರು ಇದನ್ನು ದಯವಿಟ್ಟು ಗಮನಿಸಬೇಕು.

ಗಮನ ಇಲ್ಲಿ ಎಲ್ಲಿ ಬರುತ್ತದೆ? ಅಪಾಯದ ಸುಳಿವು ಗಮನವನ್ನು ಎಳೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಗಮನವಿಲ್ಲದಿದ್ದರೆ ಸುಳಿವೇ ಒಳಗೆ ಬಾರದೆ ಹೋಗಬಹುದು ಎಂಬುದು ಅಷ್ಟಾಗಿ ಗೊತ್ತಿಲ್ಲ. ಲೂಯಿಜ್ ಪೆಸ್ಸೋವಾ ಮತ್ತು ಸಂಗಡಿಗರು 2002ರಲ್ಲಿ ಹೆದರಿದ ಮುಖದ ಚಿತ್ರಗಳನ್ನು ಕಣ್ಣೆದುರಿಗೇ ಇಟ್ಟು, ಅಂಚಿನಲ್ಲಿದ್ದ ಗೆರೆಗಳ ಓರೆಯನ್ನು ಹೋಲಿಸುವ ಕಷ್ಟದ ಕೆಲಸ ಕೊಟ್ಟರು. ಗಮನವೆಲ್ಲ ಗೆರೆಗಳ ಮೇಲಿದ್ದಾಗ ಮುಖದ ಭಯಕ್ಕೆ ಅಮಿಗ್ಡಲಾ ಬೇರೆಯಾಗಿ ಸ್ಪಂದಿಸಲಿಲ್ಲ. ಇದಕ್ಕೆ ವಿರುದ್ಧವಾದ ಫಲಿತಾಂಶಗಳೂ ಇವೆ, ವಾದ ಮುಗಿದಿಲ್ಲ. ಆದರೂ ಭಯ ಎಂದರೆ ನಮ್ಮ ಕೈಮೀರಿದ್ದು, ಗಮನಕ್ಕೆ ಅಲ್ಲಿ ಪಾತ್ರವೇ ಇಲ್ಲ ಎನ್ನುವ ಮಾತು ನಿಲ್ಲುವುದಿಲ್ಲ.

ಆತಂಕ ಹೆಚ್ಚಿರುವವರ ಗಮನ ಎತ್ತ ವಾಲುತ್ತದೆ ಎಂದು ಅಳೆಯಲು 1986ರಲ್ಲಿ ಮ್ಯಾಕ್ಲಿಯೋಡ್, ಮ್ಯಾಥ್ಯೂಸ್ ಮತ್ತು ಟಾಟಾ ಒಂದು ಪರೀಕ್ಷೆ ರೂಪಿಸಿದರು. ಪರದೆಯ ಮೇಲೆ ಎರಡು ಪದಗಳು, ಒಂದು ಅಪಾಯದ್ದು, ಒಂದು ಸಾಧಾರಣದ್ದು. ಅರ್ಧ ಸೆಕೆಂಡಿನಲ್ಲಿ ಎರಡೂ ಮಾಯ, ಒಂದರ ಜಾಗದಲ್ಲಿ ಚುಕ್ಕಿ. ಚುಕ್ಕಿ ಕಂಡ ಕೂಡಲೇ ಗುಂಡಿ ಒತ್ತಬೇಕು. ಅಪಾಯದ ಪದವಿದ್ದ ಕಡೆ ಚುಕ್ಕಿ ಬಂದರೆ ಆತಂಕಿಗಳ ಕೈ ಬೇಗ ಓಡಿತು, ಅಂದರೆ ಕಣ್ಣು ಆಗಲೇ ಅಲ್ಲಿತ್ತು. ಈ ಬಗೆಯ 172 ಅಧ್ಯಯನಗಳನ್ನು 2007ರಲ್ಲಿ ಬಾರ್-ಹೈಮ್ ತಂಡ ಒಟ್ಟು ಹಾಕಿದಾಗ ವಾಲಿಕೆ ಇದೆ, ಆದರೆ ಮಧ್ಯಮ ಪ್ರಮಾಣದ್ದು ಎಂದು ಕಂಡಿತು. ಜೊತೆಗೆ ಒಂದು ಕೊಕ್ಕೆ: ಈ ಚುಕ್ಕಿ ಪರೀಕ್ಷೆ ಗುಂಪಿನ ಸರಾಸರಿಗೆ ಸರಿ, ಒಬ್ಬ ವ್ಯಕ್ತಿಯನ್ನು ಅಳೆಯಲು ನಂಬುವಂಥದ್ದಲ್ಲ. ಇವತ್ತು ಒಂದು ಅಂಕ, ನಾಳೆ ಇನ್ನೊಂದು. ಮೊಬೈಲಿನಲ್ಲಿ ‘ನಿಮ್ಮ ಆತಂಕದ ವಾಲಿಕೆ ಅಳೆಯಿರಿ’ ಎನ್ನುವ ಆ್ಯಪ್ ಸಿಕ್ಕರೆ ಓದುಗರು ದುಡ್ಡು ಕೊಡಬೇಕಿಲ್ಲ.

ಈ ಕ್ಷೇತ್ರದವರೂ ಕಾವಲಿನ ಮೋಸಕ್ಕೆ ಬಿದ್ದದ್ದುಂಟು. ಗುಂಪಿನಲ್ಲಿ ಸಿಟ್ಟಿನ ಮುಖ ತಟ್ಟನೆ ಕಣ್ಣಿಗೆ ಬೀಳುತ್ತದೆ ಎಂದು 1988ರಲ್ಲಿ ಪ್ರಕಟವಾದ ಪ್ರಯೋಗ ಬಹಳ ಹೆಸರು ಮಾಡಿತು. 1996ರಲ್ಲಿ ಪರ್ಸೆಲ್ ಮತ್ತು ಇತರರು ಆ ಚಿತ್ರಗಳನ್ನೇ ಹತ್ತಿರದಿಂದ ನೋಡಿದರೆ, ಚಿತ್ರಗಳನ್ನು ಬರೀ ಕಪ್ಪು-ಬಿಳುಪಾಗಿಸುವಾಗ ಸಿಟ್ಟಿನ ಮುಖದಲ್ಲಿ ಕಪ್ಪು ಕಲೆಗಳು ಉಳಿದಿದ್ದವು. ಜನರ ಕಣ್ಣಿಗೆ ಬಿದ್ದದ್ದು ಆ ಕಲೆ. ಅಪಾಯ ಸಿಗಲಿ ಎಂದು ಹುಡುಕುವವರಿಗೆ ಕಲೆಯೂ ಸಿಟ್ಟಾಗಿ ಕಂಡಿತು.

ಈಗ ವಿಷಯದ ನಡುಮನೆಗೆ ಬರೋಣ. ಗಮನಕ್ಕೆ ಹಿಡಿಯುವುದು, ಬಿಡುವುದು ಎಂಬ ಎರಡು ಕೆಲಸಗಳಿವೆ. ಅಪಾಯದ ಸುಳಿವು ಕಂಡಾಗ ಹಿಡಿಯುವುದು ಎಲ್ಲರಲ್ಲೂ ಬೇಗ. ಆತಂಕಿಗಳಲ್ಲಿ ತೊಂದರೆ ಹೆಚ್ಚಾಗಿ ಬಿಡುವ ಹಂತದಲ್ಲಿ. ಸಾವಧಾನದ ಅಭ್ಯಾಸ ಕೆಲಸಕ್ಕೆ ಬರುವುದೂ ಅಲ್ಲೇ ಎಂಬುದು ನನ್ನ ಅಭಿಪ್ರಾಯ. ಮೊದಲ ಬೆಚ್ಚುವಿಕೆಯನ್ನು ತಡೆಯುತ್ತೇನೆಂದು ಹೊರಟವರು ಸೋತೇ ಸೋಲುತ್ತಾರೆ.

ಒಂದು ಸಣ್ಣ ಸಂಗತಿಯನ್ನು ಹತ್ತಿರದಿಂದ ನೋಡಿ. ರಾತ್ರಿ ಒಂಬತ್ತಕ್ಕೆ ಮೇಲಧಿಕಾರಿಯಿಂದ ಸಂದೇಶ: ‘ನಾಳೆ ಬೆಳಿಗ್ಗೆ ಬಂದು ನನ್ನನ್ನು ಕಾಣಿ.’ ಐದೇ ಪದ. ಹೊಟ್ಟೆಯಲ್ಲಿ ಏನೋ ಕುಸಿದಂತೆ, ಭುಜ ಕಿವಿಯ ಕಡೆ ಏರಿದಂತೆ ಆಗುತ್ತದೆ. ಇದು ಮೊದಲ ಕೂಗು, ಇದಕ್ಕೆ ಮಾಡುವಂಥದ್ದೇನಿಲ್ಲ. ಆಮೇಲಿನದು ನೋಡಿ. ಸಂದೇಶವನ್ನು ಮತ್ತೆ ಓದುವುದು. ಕೊನೆಯಲ್ಲಿ ಚುಕ್ಕಿ ಇಟ್ಟಿದ್ದಾರಲ್ಲ, ಯಾವಾಗಲೂ ಇಡುವುದಿಲ್ಲವಲ್ಲ. ಮೊನ್ನೆ ಎದುರಿಗೆ ಸಿಕ್ಕಾಗ ನಗಲಿಲ್ಲವಲ್ಲ. ಕಳೆದ ತಿಂಗಳ ವರದಿಯಲ್ಲಿ ಆ ಒಂದು ತಪ್ಪು. ಹತ್ತು ನಿಮಿಷದಲ್ಲಿ ಮೊಕದ್ದಮೆ ಸಿದ್ಧ, ಸಾಕ್ಷಿಗಳೆಲ್ಲ ಹಾಜರು. ಹೊಸ ಮಾಹಿತಿ ಮಾತ್ರ ಒಂದೂ ಬಂದಿಲ್ಲ. ಐದು ಪದಕ್ಕೆ ಆರನೆಯದು ಸೇರಿಲ್ಲ.

ಇಲ್ಲಿ ಮಾಡಬೇಕಾದ ಅಭ್ಯಾಸ ಇದು. ಫೋನನ್ನು ಮಗುಚಿ ಇಡಿ. ಮೂರು ವಾಕ್ಯಗಳನ್ನು ಬಾಯಿಬಿಟ್ಟು ಹೇಳಿ ಅಥವಾ ಬರೆಯಿರಿ. ಮೊದಲನೆಯದು ಕಂಡದ್ದು, ಕೇಳಿದ್ದು ಮಾತ್ರ: ‘ನಾಳೆ ಬಂದು ಕಾಣಿ ಎಂದು ಸಂದೇಶ ಬಂದಿದೆ.’ ಎರಡನೆಯದು ಮೈಯಲ್ಲಿ ಆಗುತ್ತಿರುವುದು: ‘ಹೊಟ್ಟೆ ಬಿಗಿದಿದೆ, ಅಂಗೈ ತಣ್ಣಗಿದೆ.’ ಮೂರನೆಯದು ಮನಸ್ಸು ಸೇರಿಸಿದ್ದು: ‘ಕೆಲಸ ಹೋಗುತ್ತದೆ ಎಂಬ ಯೋಚನೆ ಬಂದಿದೆ.’ ಕ್ರಿಯಾಪದದ ಬಗ್ಗೆ ಜಿಪುಣರಾಗಿರಿ. ‘ಕೆಲಸ ಹೋಗುತ್ತದೆ’ ಎನ್ನುವುದಕ್ಕೂ ‘ಹೋಗುತ್ತದೆ ಎಂಬ ಯೋಚನೆ ಬಂದಿದೆ’ ಎನ್ನುವುದಕ್ಕೂ ಇರುವ ಅಂತರದಲ್ಲೇ ಅಭ್ಯಾಸವೆಲ್ಲ ಇದೆ. ಭಾವನೆಗೆ ಹೆಸರಿಡುವುದರಿಂದ ಅಮಿಗ್ಡಲಾದ ಚಟುವಟಿಕೆ ತಗ್ಗಿ, ಬಲಗಡೆಯ ಮುಂಭಾಗದ ಹೊರಪದರದ ಒಂದು ಭಾಗ ಹೆಚ್ಚು ಚುರುಕಾಗುವುದನ್ನು ಮ್ಯಾಥ್ಯೂ ಲೀಬರ್ಮನ್ ತಂಡ 2007ರಲ್ಲಿ ತೋರಿಸಿತ್ತು. ಹೆಸರು ಚಿಕ್ಕದಿರಲಿ: ಭಯ, ನಾಚಿಕೆ, ಸಿಟ್ಟು. ‘ಏಕೆ ಭಯ’ ಎಂದು ಕೆದಕಲು ಹೊರಟರೆ ಮೊಕದ್ದಮೆ ಮತ್ತೆ ಶುರು.

ಮುಂದಿನದು ನೋಟವನ್ನು ಅಗಲ ಮಾಡುವುದು. ಭಯದಲ್ಲಿ ಗಮನದ ವೃತ್ತ ಕಿರಿದಾಗುತ್ತದೆ. ಆಯುಧ ಹಿಡಿದವನನ್ನು ಕಂಡವರು ಆಯುಧವನ್ನೇ ದಿಟ್ಟಿಸಿ ಮುಖವನ್ನು ಸರಿಯಾಗಿ ನೆನಪಿಡುವುದಿಲ್ಲ. 1987ರಲ್ಲಿ ಲೋಫ್ಟಸ್ ಮತ್ತು ಸಂಗಡಿಗರು ಕಣ್ಣಿನ ಚಲನೆಯನ್ನೇ ಅಳೆದು ಇದನ್ನು ತೋರಿಸಿದರು. ಹಾಗಾಗಿ ಕಣ್ಣು ತೆರೆದೇ ಇರಲಿ. ಎದುರಿನ ಒಂದು ಬಿಂದುವನ್ನು ನೋಡುತ್ತಲೇ ಎಡಬಲದ ಅಂಚುಗಳಲ್ಲಿ ಏನಿದೆ ಎಂಬುದು ಗಮನಕ್ಕೆ ಬರಲಿ. ಹತ್ತಿರದ ಒಂದು ಸದ್ದು, ದೂರದ ಒಂದು ಸದ್ದು. ಪಾದದಡಿಯ ನೆಲ. ಹತ್ತು ಉಸಿರಿನಷ್ಟು ಹೊತ್ತು ಸಾಕು.

ಉಸಿರಿನ ವಿಷಯದಲ್ಲೇ ಅತಿ ಹೆಚ್ಚು ತಪ್ಪು ನಡೆಯುವುದು. ‘ದೀರ್ಘ ಉಸಿರು’ ಎಂದರೆ ಜನ ಎದೆಯುಬ್ಬಿಸಿ, ದೊಡ್ಡದಾಗಿ, ಬೇಗಬೇಗ ಎಳೆಯುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ, ತಲೆ ಹಗುರವಾಗುತ್ತದೆ, ತುಟಿ ಮತ್ತು ಬೆರಳ ತುದಿ ಜುಮ್ಮೆನ್ನುತ್ತದೆ. ಭಯದಲ್ಲಿರುವವರಿಗೆ ಇದೇ ಹೊಸ ಅಪಾಯ: ಹೃದಯಾಘಾತವೇ, ತಲೆತಿರುಗಿ ಬೀಳುತ್ತೇನೆಯೇ? ಪ್ಯಾನಿಕ್ ದಾಳಿಯ, ಅಂದರೆ ಹಠಾತ್ತನೆ ಉಕ್ಕುವ ತೀವ್ರ ಭಯದ, ಮೂಲ ಇಂಥ ಮೈಸಂವೇದನೆಗಳನ್ನು ಮಹಾ ಅನಾಹುತವೆಂದು ಓದುವುದರಲ್ಲಿದೆ ಎಂದು ಡೇವಿಡ್ ಕ್ಲಾರ್ಕ್ 1986ರಲ್ಲೇ ವಿವರಿಸಿದ್ದರು. ಉಸಿರು ದೊಡ್ಡದಾಗಬೇಕಿಲ್ಲ, ನಿಧಾನವಾಗಬೇಕು. ಮೂಗಿನಿಂದಲೇ, ಸದ್ದಿಲ್ಲದೆ, ಒಳಗೆ 4 ಸೆಕೆಂಡು, ಹೊರಗೆ 6 ಸೆಕೆಂಡು. ನಿಮಿಷಕ್ಕೆ ಸುಮಾರು 6 ಉಸಿರು. ಒಳಗೆಳೆಯುವಾಗ ಎದೆಬಡಿತ ತುಸು ಏರಿ ಹೊರಬಿಡುವಾಗ ಇಳಿಯುವುದು ಸಹಜವಾದ್ದರಿಂದ ಹೊರ ಉಸಿರನ್ನು ಉದ್ದ ಮಾಡುವುದು. ಉಸಿರು ಕಟ್ಟಿದಂತಾದರೆ ಎಣಿಕೆ ಬಿಡಿ, ಎಂದಿನಂತೆ ಉಸಿರಾಡಿ. ಪ್ಯಾನಿಕ್ ದಾಳಿಯ ಅನುಭವ ಇರುವವರು, ದಮ್ಮು ಇರುವವರು ಉಸಿರನ್ನು ನೆಲೆಯಾಗಿ ಹಿಡಿಯದೆ ಪಾದ, ಅಂಗೈ ಅಥವಾ ಹೊರಗಿನ ಸದ್ದನ್ನು ಹಿಡಿದರೆ ಒಳ್ಳೆಯದು.

ಇನ್ನೊಂದು ತಪ್ಪು ಸೂಕ್ಷ್ಮವಾದದ್ದು, ಚೆನ್ನಾಗಿ ಅಭ್ಯಾಸ ಮಾಡುವವರೇ ಇದಕ್ಕೆ ಬೀಳುತ್ತಾರೆ. ಭಯ ಹೋಗಲಿ ಎಂದು ಕುಳಿತುಕೊಳ್ಳುವುದು, ಎರಡು ನಿಮಿಷಕ್ಕೊಮ್ಮೆ ‘ಹೋಯಿತೇ?’ ಎಂದು ಒಳಗೆ ಇಣುಕುವುದು. ಆ ಇಣುಕೇ ಕಾವಲು. ಬಾಗಿಲು ಹಾಕಿದೆಯೇ ಎಂದು ಮತ್ತೆಮತ್ತೆ ನೋಡುವವರ ಸ್ಥಿತಿಯೂ ಇದೇ. ಪದೇಪದೇ ಪರೀಕ್ಷಿಸಿದಷ್ಟೂ ನೆನಪಿನ ಮೇಲಿನ ಭರವಸೆ ಕುಸಿಯುತ್ತದೆ ಎಂಬುದನ್ನು 2003ರಲ್ಲಿ ವಾನ್ ಡೆನ್ ಹೌಟ್ ಮತ್ತು ಕಿಂಡ್ಟ್ ಪ್ರಯೋಗದಿಂದ ತೋರಿಸಿದರು. ನೆನಪು ತಪ್ಪಿರಲಿಲ್ಲ, ನಂಬಿಕೆ ಹೋಗಿತ್ತು. ಅಭ್ಯಾಸದ ಗುರಿ ಭಯ ಇಲ್ಲವಾಗುವುದಲ್ಲ, ಭಯ ಇದ್ದಾಗಲೂ ಬೇರೆಯದು ಕಾಣುವಂತಾಗುವುದು. ಅಭ್ಯಾಸ ಮುಗಿದ ಮೇಲೆ ‘ಶಾಂತವಾಯಿತೇ’ ಎಂದು ಕೇಳಿಕೊಳ್ಳುವ ಬದಲು ‘ಭಯದ ಜೊತೆಗೆ ಇನ್ನೇನು ಕಂಡಿತು’ ಎಂದು ಕೇಳಿಕೊಳ್ಳಿ.

ಭಯವಾದಾಗ ಮಾತ್ರ ಅಭ್ಯಾಸ ಮಾಡುವುದೂ ಕೆಡಿಸುತ್ತದೆ. ನೀರಿಗೆ ಬಿದ್ದ ಮೇಲೆ ಈಜು ಕಲಿಯಲಾಗದು. ಅದಕ್ಕಿಂತ ಮುಖ್ಯವಾಗಿ, ಕುಳಿತುಕೊಳ್ಳುವುದೇ ಭಯದ ಗುರುತಾಗಿಬಿಡುತ್ತದೆ. ಮನಸ್ಸು ತಿಳಿಯಾಗಿರುವಾಗ ದಿನಕ್ಕೆ ಹತ್ತು ನಿಮಿಷ, ಒಂದೇ ಹೊತ್ತಿಗೆ. ಮೊದಲ ಎರಡು ವಾರ ಗಮನ ಓಡಿಹೋಗುವುದೇ ಹೆಚ್ಚು. ಓಡಿದ್ದು ಗೊತ್ತಾಗಿ ಮರಳಿ ತರುವುದೇ ವ್ಯಾಯಾಮ, ಆದ್ದರಿಂದ ಮೂವತ್ತು ಸಲ ಓಡಿದರೆ ಮೂವತ್ತು ಸಲ ವ್ಯಾಯಾಮವಾಯಿತು.

ಯಾರಿಗೆ ಇದು ಬೇಡ? ಹಿಂದೆ ಹಿಂಸೆ ಅಥವಾ ದೊಡ್ಡ ಆಘಾತ ಅನುಭವಿಸಿದವರು ಕಣ್ಣು ಮುಚ್ಚಿ ದೀರ್ಘಕಾಲ ಒಳಗೆ ನೋಡಿದರೆ ಹಳೆಯ ದೃಶ್ಯಗಳು ಮರುಕಳಿಸಬಹುದು. ಅಂಥವರು ಚಿಕಿತ್ಸಕರ ಜೊತೆಗೆ, ಒಂದೆರಡು ನಿಮಿಷದಿಂದ, ಕಣ್ಣು ತೆರೆದು ಶುರುಮಾಡಬೇಕು. ಇನ್ನು ಅಪಾಯ ನಿಜವಾಗಿಯೇ ಇರುವವರು. ಮನೆಯಲ್ಲೇ ಹೊಡೆತ ತಿನ್ನುತ್ತಿರುವವರಿಗೆ, ಕೆಲಸದ ಜಾಗದಲ್ಲಿ ಕಿರುಕುಳ ಅನುಭವಿಸುತ್ತಿರುವವರಿಗೆ ‘ಉಸಿರನ್ನು ಗಮನಿಸಿ’ ಎನ್ನುವುದು ಕ್ರೌರ್ಯ. ಅವರ ಅಲಾರಂ ಸರಿಯಾಗಿದೆ, ಉರಿಯುತ್ತಿರುವುದು ಮನೆ. ಅವರಿಗೆ ಬೇಕಿರುವುದು ಸುರಕ್ಷಿತ ಜಾಗ, ಕಾನೂನಿನ ನೆರವು, ಜೊತೆಗೆ ನಿಲ್ಲುವ ಜನ. ಸಂಸ್ಥೆಗಳು ಕೆಲಸದ ಹೊರೆಯನ್ನು ಹಾಗೇ ಇಟ್ಟುಕೊಂಡು ನೌಕರರಿಗೆ ಧ್ಯಾನದ ತರಗತಿ ನಡೆಸುವುದರ ಬಗ್ಗೆಯೂ ನನಗೆ ಇದೇ ಸಿಟ್ಟಿದೆ.

ಪುರಾವೆಯ ಬಗ್ಗೆ ಹೆಚ್ಚೂ ಹೇಳಬಾರದು, ಕಡಿಮೆಯೂ ಹೇಳಬಾರದು. ಜಾನ್ ಕಬಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ 8 ವಾರಗಳ ಮೈಂಡ್‌ಫುಲ್‌ನೆಸ್ ಕಾರ್ಯಕ್ರಮವೇ ಹೆಚ್ಚಿನ ಸಂಶೋಧನೆಗೆ ಆಧಾರ. 2014ರಲ್ಲಿ 47 ಪ್ರಯೋಗಗಳನ್ನು ಒಟ್ಟುಹಾಕಿದ ಪರಿಶೀಲನೆ ಆತಂಕ, ಖಿನ್ನತೆ, ನೋವಿನಲ್ಲಿ ಸಾಧಾರಣ ಲಾಭ ಕಂಡಿತು. ಔಷಧ, ವ್ಯಾಯಾಮದಂಥ ಇತರ ಚಿಕಿತ್ಸೆಗಳಿಗಿಂತ ಮೇಲೆಂದು ಹೇಳುವಂಥದ್ದೇನೂ ಸಿಗಲಿಲ್ಲ. ಆತಂಕದ ಕಾಯಿಲೆಯಿದ್ದ 276 ಮಂದಿಯಲ್ಲಿ ಎಲಿಜಬೆತ್ ಹೋಗ್ ತಂಡ ಈ ಕಾರ್ಯಕ್ರಮವನ್ನು ಆತಂಕಕ್ಕೆ ಕೊಡುವ ಎಸ್ಸಿಟಲೋಪ್ರಾಮ್ ಮಾತ್ರೆಯೊಂದಿಗೆ ಹೋಲಿಸಿದಾಗ ಅದಕ್ಕಿಂತ ಕಡಿಮೆಯಿಲ್ಲ ಎಂದು ಕಂಡಿತು. ಹಾಗೆಂದು ಯಾರೂ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಎಂಟು ವಾರದಲ್ಲಿ ಮಿದುಳಿನ ಆಕಾರವೇ ಬದಲಾಗುತ್ತದೆ ಎಂಬ ಸುದ್ದಿಯನ್ನು ಮಾತ್ರ ಇನ್ನು ಬಿಡುವುದು ಲೇಸು. 2022ರಲ್ಲಿ ದೊಡ್ಡ ಗುಂಪಿನಲ್ಲಿ ಅಳೆದಾಗ ಅಂಥ ಬದಲಾವಣೆ ಕಾಣಲಿಲ್ಲ. ಬ್ರಿಟನ್ನಿನ ಶಾಲೆಗಳಲ್ಲಿ 8 ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ತರಗತಿಯಲ್ಲೇ ಇದನ್ನು ಕಲಿಸಿ ನೋಡಿದ ಪ್ರಯೋಗವೂ ಎಂದಿನ ಪಾಠಕ್ಕಿಂತ ಹೆಚ್ಚಿನ ಫಲ ಕೊಡಲಿಲ್ಲ.

ಇನ್ನು ನಿಮಗೆ ಸಂಬಂಧಿಸಿದ ಭಾಗ. 2018ರಲ್ಲಿ ಡೇವಿಡ್ ಲೆವಾರಿ, ಡೇನಿಯಲ್ ಗಿಲ್ಬರ್ಟ್ ಮೊದಲಾದವರು ಜನರಿಗೆ ನೇರಳೆಯಿಂದ ನೀಲಿಯವರೆಗಿನ ನೂರಾರು ಚುಕ್ಕಿಗಳನ್ನು ಒಂದೊಂದಾಗಿ ತೋರಿಸಿ, ನೀಲಿ ಹೌದೋ ಅಲ್ಲವೋ ಹೇಳಿಸಿದರು. ನೀಲಿ ಚುಕ್ಕಿಗಳು ಕಡಿಮೆಯಾಗುತ್ತ ಹೋದಂತೆ, ಮೊದಲು ನೇರಳೆ ಎಂದಿದ್ದ ಚುಕ್ಕಿಗಳನ್ನೇ ಜನ ನೀಲಿ ಎನ್ನತೊಡಗಿದರು. ಚುಕ್ಕಿಯ ಬದಲು ಮುಖಗಳನ್ನಿಟ್ಟಾಗಲೂ ಅದೇ: ಬೆದರಿಸುವ ಮುಖಗಳು ಅಪರೂಪವಾದಾಗ ಸಾಧಾರಣ ಮುಖಗಳೂ ಬೆದರಿಸುವಂತೆ ಕಂಡವು. ಚುಕ್ಕಿಗಳ ಪ್ರಯೋಗದಲ್ಲಿ ನೀಲಿ ಕಡಿಮೆಯಾಗುತ್ತದೆ ಎಂದು ಮೊದಲೇ ಹೇಳಿದರೂ, ತಪ್ಪದಿದ್ದರೆ ಹಣ ಕೊಡುತ್ತೇವೆ ಎಂದರೂ ಇದು ಹೋಗಲಿಲ್ಲ. ಕಾವಲಿಗೆ ಹಚ್ಚಿದ ಗಮನ ಕಳ್ಳ ಬಾರದಿದ್ದರೆ ದಾರಿಹೋಕನನ್ನು ಹಿಡಿಯುತ್ತದೆ.

ಸುದ್ದಿ ಈ ಕಾವಲಿಗೆ ದಿನವೂ ಮೇವು ಹಾಕುತ್ತದೆ. 2013ರ ಬಾಸ್ಟನ್ ಮ್ಯಾರಥಾನ್ ಸ್ಫೋಟದ ಬಳಿಕ 4,675 ಜನರನ್ನು ಅಧ್ಯಯನ ಮಾಡಿದಾಗ, ಆ ವಾರ ದಿನಕ್ಕೆ 6 ಗಂಟೆಗೂ ಹೆಚ್ಚು ಹೊತ್ತು ಅದೇ ಸುದ್ದಿ ನೋಡಿದವರಲ್ಲಿ, ಸ್ಫೋಟದ ಜಾಗದಲ್ಲೇ ಇದ್ದವರಿಗಿಂತಲೂ ಹೆಚ್ಚು ತೀವ್ರ ಒತ್ತಡದ ಲಕ್ಷಣಗಳು ಕಂಡವು. ಮೊದಲೇ ಆತಂಕವಿದ್ದವರೇ ಹೆಚ್ಚು ನೋಡಿರಬಹುದು ಎಂಬುದೂ ನಿಜ. ಎರಡೂ ಒಂದನ್ನೊಂದು ಎಳೆಯುತ್ತವೆ. ಶೀರ್ಷಿಕೆಯಲ್ಲಿ ಒಂದು ನಕಾರಾತ್ಮಕ ಪದ ಸೇರಿದರೆ ಕ್ಲಿಕ್ ಸರಾಸರಿ 2.3% ಏರುತ್ತದೆ ಎಂದು ಒಂದು ಲಕ್ಷಕ್ಕೂ ಹೆಚ್ಚು ಶೀರ್ಷಿಕೆಗಳನ್ನು ಅಳೆದ 2023ರ ಅಧ್ಯಯನ ಹೇಳುತ್ತದೆ. ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ಗಮನ ಒಂದು ಅಪಾಯಕ್ಕೆ ಅಂಟಿದಾಗ ಇನ್ನೊಂದು ಕಾಣದೆ ಹೋಗುತ್ತದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕದಲ್ಲಿ ವಿಮಾನಕ್ಕೆ ಹೆದರಿ ಕಾರು ಹತ್ತಿದವರಿಂದಾಗಿ ಮುಂದಿನ 12 ತಿಂಗಳಲ್ಲಿ ರಸ್ತೆಯಲ್ಲಿ ಸುಮಾರು 1,500 ಹೆಚ್ಚುವರಿ ಸಾವುಗಳಾದವು ಎಂಬುದು ಗರ್ಡ್ ಗಿಗರೆಂಜರ್ ಅವರ ಅಂದಾಜು.

ಓದುಗರಿಗೆ ನನ್ನ ಸಲಹೆ ಸರಳ. ಸುದ್ದಿಗೆ ದಿನದಲ್ಲಿ ಎರಡು ಹೊತ್ತು ಗೊತ್ತುಮಾಡಿಕೊಳ್ಳಿ, ಎದ್ದ ಕೂಡಲೇ ಮತ್ತು ಮಲಗುವ ಮುನ್ನ ಬೇಡ. ವಿಡಿಯೊಗಿಂತ ಅಕ್ಷರ ಮೇಲು, ಏಕೆಂದರೆ ಅಕ್ಷರ ತಾನಾಗಿ ಮರುಪ್ರಸಾರವಾಗುವುದಿಲ್ಲ. ಎರಡನೆಯ ಸಲ ಅದೇ ಸುದ್ದಿ ತೆರೆಯುವ ಮುನ್ನ ಹೊಸದೇನಾದರೂ ಇದೆಯೇ ಎಂದು ಕೇಳಿಕೊಳ್ಳಿ.

ನಿಮ್ಮಲ್ಲಿ ಕೋರಿಕೆ ಮೂರು. ರೋಗ ಅಥವಾ ಅಪರಾಧದ ಸುದ್ದಿಯಲ್ಲಿ ಎಷ್ಟು ಪ್ರಕರಣ ಎನ್ನುವುದರ ಪಕ್ಕದಲ್ಲೇ ಎಷ್ಟು ಜನರಲ್ಲಿ, ಕಳೆದ ವರ್ಷ ಎಷ್ಟಿತ್ತು ಎಂಬುದನ್ನೂ ಕೊಡಿ. ‘ಬೆಚ್ಚಿಬೀಳಿಸುವ’ ಎಂಬ ವಿಶೇಷಣವನ್ನು ಓದುಗರ ಪಾಲಿಗೇ ಬಿಡಿ. ಬೀಳಬೇಕಿದ್ದರೆ ಅವರೇ ಬೀಳುತ್ತಾರೆ. ಮುಂದಿನ ಸಲ ಆರೋಗ್ಯ ಪುಟದಲ್ಲಿ ‘ಕಣ್ಣು ಮುಚ್ಚಿ ಕುಳಿತುಕೊಳ್ಳಿ’ ಎಂದು ಅಚ್ಚಾಗುವಾಗ, ‘ಬೇಕೆನಿಸಿದರೆ ತೆರೆದೂ ಇರಬಹುದು’ ಎಂಬ ಮೂರೇ ಪದಗಳಿಗೆ ಜಾಗ ಮಾಡಿಕೊಡಿ.

ಇಂತಿ,
ಮನಃಶಾಸ್ತ್ರದ ಒಬ್ಬ ಅಧ್ಯಾಪಕ